ದಮ್ಮು ಇರೋರ ಮನೇಲಿ ಏನೇನು ಗೊತ್ತಿರ್ಬೇಕು: ಅಸ್ತಮಾ, ಅದನ್ನ ಕೆರಳಿಸೋ ಸಾಮಾನುಗಳು, ಮತ್ತೆ ನಮ್ಮೂರ ಗಾಳಿ

ನಮ್ಮ ಮನೆ ಹಾಲ್‌ನಲ್ಲಿ ಕ್ಯಾಲೆಂಡರ್ ತೂಗಿರೋ ಮೊಳೆಗೇ ಒಂದು ಬಟ್ಟೆ ಚೀಲ ತೂಗಾಕಿದೀನಿ, ಅದ್ರಲ್ಲಿ ಇನ್ಹೇಲರ್‌ಗಳು, ಒಂದು ಸ್ಪೇಸರ್ (ಇನ್ಹೇಲರ್‌ಗೆ ಸಿಗಿಸೋ ಪ್ಲಾಸ್ಟಿಕ್ ಡಬ್ಬಿ), ಒಂದು ಸಣ್ಣ ನೋಟ್‌ಬುಕ್. ನಮ್ಮ ಅತ್ತೆಗೆ ಸುಮಾರು ಮೂವತ್ತು ವರ್ಷದಿಂದ ದಮ್ಮು, ನನ್ನ ಮಗನಿಗೆ ನಾಲ್ಕು ತುಂಬೋ ಹೊತ್ತಿಗೆ ಶುರುವಾಯ್ತು, ಈಗ ಅವನಿಗೆ 11. ಮೊದ್ಲು ಮೂರು ವರ್ಷ ನಾವು ಮಾಡಿದ್ದು ಏನಂದ್ರೆ ಉಬ್ಬಸ ಬಂದಾಗ ರಾತ್ರೋರಾತ್ರಿ ಆಟೋ ಹತ್ತಿ ನೆಬ್ಯುಲೈಸರ್ (ಔಷಧಿನ ಮಂಜಿನ ಥರ ಮಾಡಿ ಎಳೆಸೋ ಮಷಿನ್) ಹಾಕಿಸ್ಕೊಂಡು ಬರೋದು, ಎರಡು ದಿನಕ್ಕೆ ಮಗು ಓಡಾಡಕ್ಕೆ ಶುರು ಮಾಡಿದ ಕೂಡ್ಲೇ ಔಷಧಿ ಎಲ್ಲ ನಿಲ್ಸೋದು, ಮತ್ತೆ ಹದಿನೈದು ದಿನಕ್ಕೆ ಅದೇ ಕಥೆ. ಈ ತಪ್ಪು ದಾವಣಗೆರೆ, ಚಿತ್ರದುರ್ಗ ಕಡೆ ಎಷ್ಟೋ ಮನೇಲಿ ಇವತ್ತಿಗೂ ನಡೀತಿದೆ, ಅದಕ್ಕೇ ನಾವು ಕಲ್ತಿದ್ದನ್ನ ಒಂದೊಂದಾಗಿ ಬರೀತಿದೀನಿ. ನಾನು ಡಾಕ್ಟರ್ ಅಲ್ಲ, ಡೋಸ್ ಎಷ್ಟು ಅಂತ ನಿಮ್ಮ ಡಾಕ್ಟರೇ ಹೇಳ್ಬೇಕು. ಆದ್ರೆ ಡಾಕ್ಟರ್ ಮುಂದೆ ಏನು ಕೇಳ್ಬೇಕು, ಮನೇಲಿ ಏನು ಬದಲಾಯಿಸ್ಬೇಕು ಅನ್ನೋದು ನಮ್ಮ ಕೈಯಲ್ಲೇ ಇದೆ.

ಮೊದಲು: ಒಳಗೆ ಏನಾಗ್ತಿದೆ ಅಂತ ತಿಳ್ಕೊಳ್ರಿ

ಉಸಿರಿನ ಕೊಳವೆಗಳು ಮರದ ಕೊಂಬೆ ಥರ ಕವಲು ಒಡೀತಾ ಒಡೀತಾ ಸಣ್ಣ ಆಗ್ತಾ ಹೋಗ್ತವೆ. ಅಸ್ತಮಾ ಇರೋರಿಗೆ ಈ ಕೊಳವೆ ಒಳಗಡೆ ಪದರ ಯಾವಾಗ್ಲೂ ಸ್ವಲ್ಪ ಊದ್ಕೊಂಡು, ಕೆಂಪಾಗಿ, ಸಿಟ್ಟಲ್ಲಿ ಇದ್ದಂಗೆ ಇರುತ್ತೆ. ಅದಕ್ಕೆ ಆಗದ ಧೂಳೋ ಹೊಗೆಯೋ ತಾಗ್ತಿದ್ದಂಗೆ ಮೂರು ಕೆಲಸ ಒಟ್ಟಿಗೆ ಆಗುತ್ತೆ: ಕೊಳವೆ ಸುತ್ತ ಇರೋ ಸ್ನಾಯು ಬಿಗಿಯುತ್ತೆ, ಒಳಗಿನ ಊತ ಜಾಸ್ತಿ ಆಗುತ್ತೆ, ಅಂಟಂಟು ಕಫ ತುಂಬುತ್ತೆ. ಗಾಳಿ ಒಳಗೆ ಹೋಗೋದಕ್ಕಿಂತ ಹೊರಗೆ ಬರೋದೇ ಕಷ್ಟ, ಅದಕ್ಕೇ ಉಸಿರು ಬಿಡೋವಾಗ ಸುಂಯ್ ಅಂತ ಸೀಟಿ ಹೊಡೆದಂಗೆ ಕೇಳೋದು. ರಾತ್ರಿ ಎರಡು ಮೂರು ಗಂಟೆಗೆ, ಬೆಳಗಿನ ಜಾವ ಕೆಮ್ಮು ಜಾಸ್ತಿ ಆಗೋದು, ಎದೆ ಮೇಲೆ ಯಾರೋ ಕೂತಂಗೆ ಅನ್ಸೋದು, ನಕ್ಕಾಗ ಓಡಿದಾಗ ಕೆಮ್ಮು ಬರೋದು ಇವೆಲ್ಲ ಲಕ್ಷಣನೇ. ಎಲ್ಲರಿಗೂ ಸೀಟಿ ಶಬ್ದ ಬರಲೇಬೇಕು ಅಂತಿಲ್ಲ, ನನ್ನ ಮಗನಿಗೆ ಮೊದಲ ವರ್ಷ ಬರೀ ಒಣಕೆಮ್ಮು ಇತ್ತು, ನಾವು ಶೀತದ ಸಿರಪ್ ಕುಡಿಸ್ತಾ ಕಾಲ ಕಳೆದ್ವಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡ್ಕೊಳ್ರಿ. ಉಬ್ಬಸ ಇಲ್ಲದ ದಿನಾನೂ ಒಳಗಿನ ಊತ ಇದ್ದೇ ಇರುತ್ತೆ. ಇದು ಅರ್ಥ ಆದ್ರೆ ಔಷಧಿ ವಿಷಯ ತಾನಾಗೇ ಅರ್ಥ ಆಗುತ್ತೆ.

ಆಮೇಲೆ: ಅಸ್ತಮಾನೇ ಹೌದಾ ಅಂತ ಖಾತ್ರಿ ಮಾಡ್ಕೊಳ್ರಿ

ಎಲ್ಲ ದಮ್ಮೂ ಅಸ್ತಮಾ ಅಲ್ಲ. ವರ್ಷಗಟ್ಟಲೆ ಬೀಡಿ ಸೇದಿದೋರಿಗೆ, ಸೌದೆ ಒಲೆ ಊದಿದ ಅಜ್ಜಿಯಂದ್ರಿಗೆ ಬರೋ ಶ್ವಾಸಕೋಶದ ಕಾಯಿಲೆ ಬೇರೆ, ಹೃದಯ ಸೋತಾಗ ಬರೋ ಏದುಸಿರು ಬೇರೆ. ಕೆಮ್ಮು ಎರಡು ವಾರ ದಾಟಿದ್ರೆ ಸರ್ಕಾರಿ ಆಸ್ಪತ್ರೇಲಿ ಕಫ ಪರೀಕ್ಷೆ ಪುಕ್ಕಟೆ ಮಾಡ್ತಾರೆ, ಟಿಬಿ ಅಲ್ಲ ಅಂತ ಮೊದ್ಲು ಖಾತ್ರಿ ಆಗ್ಲಿ. ನಮ್ಮೂರು ದಾವಣಗೆರೇಲಿ ಇನ್ನೊಂದಿದೆ, ಹತ್ತಿ ಮಿಲ್‌ಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡ ಊರು ಇದು, ಹತ್ತಿ ಧೂಳಲ್ಲಿ ವರ್ಷಗಟ್ಟಲೆ ದುಡಿದೋರಿಗೆ ಒಂಥರ ಎದೆಬಿಗಿತ ಬರುತ್ತೆ, ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನವೇ ಅದು ಜೋರಾಗಿರುತ್ತೆ. ಮನೇಲಿ ಅಂಥ ಹಿರಿಯರಿದ್ರೆ ಡಾಕ್ಟರ್ ಹತ್ರ ಹಳೇ ಕೆಲಸದ ವಿಷಯ ಹೇಳೋದು ಮರೀಬೇಡ್ರಿ, ಅವರು ಕೇಳದಿದ್ರೂ ನೀವೇ ಹೇಳ್ರಿ.

ಖಾತ್ರಿ ಮಾಡೋ ಪರೀಕ್ಷೆ ಹೆಸರು ಸ್ಪೈರೋಮೆಟ್ರಿ. ಜೋರಾಗಿ ಊದ್ಸಿ, ಔಷಧಿ ಎಳೆಸಿ, ಸುಮಾರು ಕಾಲು ಗಂಟೆ ಬಿಟ್ಟು ಮತ್ತೆ ಊದ್ಸಿ, ಎರಡಕ್ಕೂ ಎಷ್ಟು ವ್ಯತ್ಯಾಸ ಬಂತು ಅಂತ ನೋಡ್ತಾರೆ. ದೊಡ್ಡೋರಿಗೆ ಮೊದಲ ಸೆಕೆಂಡಲ್ಲಿ ಹೊರಗೆ ಬರೋ ಗಾಳಿ 12 ಪರ್ಸೆಂಟ್ ಮತ್ತೆ 200 ಎಂಎಲ್‌ಗಿಂತ ಜಾಸ್ತಿ ಸುಧಾರಿಸಿದ್ರೆ ಅಸ್ತಮಾ ಕಡೆ ಬೆರಳು ತೋರಿಸುತ್ತೆ. ಐದು ವರ್ಷದ ಒಳಗಿನ ಮಕ್ಕಳಿಗೆ ಸರಿಯಾಗಿ ಊದಕ್ಕೆ ಬರಲ್ಲ, ಅವರಿಗೆ ಲಕ್ಷಣ ನೋಡಿ, ಮನೆತನದಲ್ಲಿ ಅಲರ್ಜಿ, ದಮ್ಮು ಇದೆಯಾ ಅಂತ ಕೇಳಿ ತೀರ್ಮಾನ ಮಾಡ್ತಾರೆ.

ಎರಡು ಥರದ ಔಷಧಿ, ಎರಡು ಬೇರೆ ಕೆಲಸ

ಇದೇ ನಾವು ಎಡವಿದ ಜಾಗ. ಒಂದು, ತಕ್ಷಣ ಆರಾಮ ಕೊಡೋದು, ಸಾಮಾನ್ಯವಾಗಿ ನೀಲಿ ಬಣ್ಣದ್ದು, ಸಾಲ್‌ಬುಟಮಾಲ್. ಇದು ಬಿಗಿದ ಸ್ನಾಯು ಸಡಿಲ ಮಾಡುತ್ತೆ, ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತೆ, ನಾಲ್ಕಾರು ಗಂಟೆಗೆ ಮುಗೀತು, ಊತಕ್ಕೆ ಇದು ಏನೂ ಮಾಡಲ್ಲ. ಇನ್ನೊಂದು ತಡೆಯೋ ಔಷಧಿ, ಬುಡೆಸೊನೈಡ್ ಥರದ ಎಳ್ಕೊಳ್ಳೋ ಸ್ಟಿರಾಯ್ಡ್. ಇದು ಊತ ಇಳಿಸುತ್ತೆ, ಆದ್ರೆ ನಿಧಾನ, ಪೂರ್ತಿ ಗುಣ ಕಾಣಕ್ಕೆ ವಾರಗಳೇ ಬೇಕು, ಆರಾಮಿದ್ದಾಗ್ಲೂ ಡಾಕ್ಟರ್ ಬರೆದಷ್ಟು ದಿನ ತಪ್ಪದೆ ತಗೋಬೇಕು. ಎರಡೂ ಸೇರಿರೋ ಇನ್ಹೇಲರ್‌ಗಳೂ ಬರ್ತವೆ, ಬುಡೆಸೊನೈಡ್ ಜೊತೆ ಸ್ನಾಯು ಸಡಿಲ ಮಾಡೋ ಫಾರ್ಮೊಟೆರಾಲ್ ಇರೋದನ್ನ ಕೆಲವರಿಗೆ ದಿನಕ್ಕೂ, ಉಬ್ಬಸ ಬಂದಾಗ್ಲೂ ಅದನ್ನೇ ತಗೊಳಕ್ಕೆ ಹೇಳ್ತಾರೆ. ನಿಮ್ಮದು ಯಾವ ಥರ ಅಂತ ಬಾಯಿಬಿಟ್ಟು ಕೇಳಿ ಬರೆಸ್ಕೊಳ್ರಿ. ಬರೀ ನೀಲಿ ಇನ್ಹೇಲರ್ ಒಂದನ್ನೇ ನಂಬ್ಕೊಂಡು ಇರೋದು ಅಪಾಯ ಅಂತ 2019ರಿಂದ ಜಾಗತಿಕ ಅಸ್ತಮಾ ಮಾರ್ಗಸೂಚಿಗಳೇ ಹೇಳ್ತಿವೆ.

"ಇನ್ಹೇಲರ್ ಹಿಡಿದ್ರೆ ಬಿಡಕ್ಕಾಗಲ್ಲ ಕಣವ್ವಾ, ಅದು ಕೊನೇ ಔಷಧಿ, ಮಗೂಗೆ ಯಾಕ್ ಹಾಕ್ತೀಯಾ, ಗುಳಿಗೆನೇ ಕೊಡು" ಅಂತ ನಂಗೆ ಹೇಳದೇ ಇರೋ ನೆಂಟರಿಲ್ಲ. ಅವರು ಪ್ರೀತಿಯಿಂದಾನೇ ಹೇಳೋದು, ಆದ್ರೆ ಲೆಕ್ಕ ನೋಡ್ರಿ: ನೀಲಿ ಇನ್ಹೇಲರ್‌ನ ಒಂದು ಪಫ್‌ನಲ್ಲಿ (ಅಂದ್ರೆ ಒಂದ್ಸಲ ಒತ್ತಿದಾಗ ಬರೋದ್ರಲ್ಲಿ) ಇರೋದು 100 ಮೈಕ್ರೋಗ್ರಾಂ, ಅದೇ ಔಷಧಿಯ 4 ಮಿಲಿಗ್ರಾಂ ಗುಳಿಗೆ ಅಂದ್ರೆ 4000 ಮೈಕ್ರೋಗ್ರಾಂ, ನಲವತ್ತು ಪಟ್ಟು. ಗುಳಿಗೆ ಹೊಟ್ಟೆಗೆ ಹೋಗಿ, ರಕ್ತದಲ್ಲಿ ಇಡೀ ಮೈ ಸುತ್ತಿ, ಕೈ ನಡುಗಿಸಿ, ಎದೆ ಡವಡವ ಅನ್ನಿಸಿ ಆಮೇಲೆ ಶ್ವಾಸಕೋಶಕ್ಕೆ ಬರೋದು. ಇನ್ಹೇಲರ್ ಔಷಧಿ ಬೇಕಾದ ಜಾಗಕ್ಕೇ ನೇರ ಹೋಗುತ್ತೆ. ಚಟ ಹಿಡಿಯೋ ಔಷಧಿ ಇದಲ್ಲ. ಮೂರು ತಿಂಗಳು ಚೆನ್ನಾಗಿ ಹತೋಟಿಲಿದ್ರೆ ಡೋಸ್ ಇಳಿಸ್ತಾ ಬರಬಹುದು, ಆದ್ರೆ ಇಳಿಸೋದು ಡಾಕ್ಟರ್, ನಾವಲ್ಲ. ಬಸುರಿಯರೂ ಹೆದರಿ ತಾವಾಗೇ ನಿಲ್ಲಿಸ್ಬಾರದು, ಹತೋಟಿ ತಪ್ಪಿದ ಅಸ್ತಮಾನೇ ಹೊಟ್ಟೇಲಿರೋ ಮಗೂಗೆ ಜಾಸ್ತಿ ತೊಂದ್ರೆ.

ಎಳ್ಕೊಳ್ಳೋ ರೀತಿ

ಔಷಧಿ ಸರಿ ಇದ್ದೂ ಗುಣ ಕಾಣ್ತಿಲ್ಲ ಅಂದ್ರೆ ಮೊದ್ಲು ನೋಡ್ಬೇಕಾದ್ದು ಇದು. ಅತ್ತೆ ಹತ್ತು ವರ್ಷ ಇನ್ಹೇಲರ್ ತಗೊಂಡಿದ್ರು, ಔಷಧಿ ಅರ್ಧಕ್ಕರ್ಧ ನಾಲಿಗೆ ಮೇಲೇ ಬೀಳ್ತಿತ್ತು, ಯಾರೂ ಒಂದು ಸಲನೂ "ತಗೊಂಡು ತೋರ್ಸಿ ಅಮ್ಮಾ" ಅಂದಿರ್ಲಿಲ್ಲ.

ಒತ್ತೋ ಇನ್ಹೇಲರ್ ಆದ್ರೆ ಮುಚ್ಚಳ ತೆಗೆದು ಚೆನ್ನಾಗಿ ಅಲುಗಾಡ್ಸಿ, ಮೊದ್ಲು ಉಸಿರು ಪೂರ್ತಿ ಹೊರಗೆ ಬಿಡ್ರಿ, ಬಾಯಿಗಿಟ್ಟು ತುಟಿ ಬಿಗಿ ಮಾಡಿ, ನಿಧಾನಕ್ಕೆ ಎಳ್ಕೊಳಕ್ಕೆ ಶುರು ಮಾಡಿದ ತಕ್ಷಣ ಒತ್ತಿ, ಎಳೀತಾನೇ ಇರಿ, ಆಮೇಲೆ 10 ಎಣಿಸೋ ತನಕ ಉಸಿರು ಹಿಡೀರಿ. ಎರಡನೇ ಪಫ್ ಬೇಕಂದ್ರೆ ಅರ್ಧ ನಿಮಿಷ ಬಿಟ್ಟು ಮತ್ತೆ ಅಲುಗಾಡ್ಸಿ. ಇದು ಮಕ್ಕಳಿಗೂ ವಯಸ್ಸಾದೋರಿಗೂ ಕಷ್ಟ, ಅದಕ್ಕೇ ಸ್ಪೇಸರ್ ಅನ್ನೋ ಪ್ಲಾಸ್ಟಿಕ್ ಡಬ್ಬಿ, ಅದ್ರೊಳಗೆ ಒಂದೊಂದೇ ಪಫ್ ಒತ್ತಿ ಐದಾರು ಸಲ ಮಾಮೂಲಿ ಉಸಿರಾಡಿದ್ರೆ ಸಾಕು. ಕ್ಯಾಪ್ಸೂಲ್ ಹಾಕಿ ಎಳೆಯೋ ಪುಡಿ ಇನ್ಹೇಲರ್ ಆದ್ರೆ ಉಲ್ಟಾ, ಅದನ್ನ ಜೋರಾಗಿ, ಆಳವಾಗಿ ಎಳೀಬೇಕು, ಅದ್ರೊಳಗೆ ಊದ್ಬಾರದು.

ಸ್ಟಿರಾಯ್ಡ್ ಇನ್ಹೇಲರ್ ಆದ್ಮೇಲೆ ಬಾಯಿ ಮುಕ್ಕಳಿಸಿ ಉಗುಳ್ರಿ, ಇಲ್ಲಾಂದ್ರೆ ಬಾಯಲ್ಲಿ ಬಿಳಿ ಹುಣ್ಣು, ಗಂಟಲು ಕಟ್ಟೋದು ಆಗುತ್ತೆ. ಸ್ಪೇಸರ್‌ನ ತಿಂಗಳಿಗೊಮ್ಮೆ ಸೋಪಿನ ನೀರಲ್ಲಿ ತೊಳ್ದು ಹಂಗೇ ಒಣಗಕ್ಕೆ ಬಿಡ್ರಿ, ಬಟ್ಟೇಲಿ ಒರೆಸಿದ್ರೆ ಔಷಧಿ ಗೋಡೆಗೆ ಅಂಟ್ಕೊಳುತ್ತೆ.

ನಿಮ್ಮ ಟ್ರಿಗರ್ (ಉಬ್ಬಸ ಕೆರಳಿಸೋದು) ಯಾವುದು, ನೋಟ್‌ಬುಕ್ ಹೇಳುತ್ತೆ

ದಮ್ಮು ಅಂದ ತಕ್ಷಣ ನಮ್ಮಲ್ಲಿ ಮೊದ್ಲು ನಿಲ್ಸೋದು ಊಟ. ಬಾಳೆಹಣ್ಣು ಬೇಡ, ಮೊಸರು ಬೇಡ, ಸೀತಾಫಲ ಬೇಡ, ತಣ್ಣೀರು ಬೇಡ. ನನ್ನ ಮಗ ಎರಡು ವರ್ಷ ಮೊಸರನ್ನ ತಿನ್ನದೆ ಬೆಳೆದ, ಉಬ್ಬಸ ಒಂಚೂರೂ ಕಡಿಮೆ ಆಗ್ಲಿಲ್ಲ, ಮಗು ಬಡಕಲಾಯ್ತು ಅಷ್ಟೇ. ಯಾವುದಾದ್ರೂ ತಿಂದಾಗೆಲ್ಲ ತುರಿಕೆ, ತುಟಿ ಊತ, ಉಬ್ಬಸ ಬಂದ್ರೆ ಅದು ಬೇರೆ ಮಾತು, ಅದನ್ನ ಡಾಕ್ಟರಿಗೆ ತೋರಿಸ್ಲೇಬೇಕು. ಹಂಗಿಲ್ಲದೆ ಎಲ್ಲಾನೂ ಬಿಡಿಸೋದು ಬೇಡ. ಬದಲಿಗೆ ಒಂದು ತಿಂಗಳು ನೋಟ್‌ಬುಕ್‌ನಲ್ಲಿ ಬರೀರಿ: ಯಾವ ದಿನ, ಎಷ್ಟು ಹೊತ್ತಿಗೆ ಕೆಮ್ಮು ಬಂತು, ಅವತ್ತು ಎಲ್ಲಿ ಹೋಗಿದ್ವಿ, ಮನೇಲಿ ಏನು ನಡೀತು. ನಾವು ಬರೆದ ಮೇಲೆ ಗೊತ್ತಾಗಿದ್ದು, ಮಗನಿಗೆ ಶೀತ ಬಂದ ಎರಡನೇ ದಿನ, ಮನೆ ಕಸ ಹೊಡೆದ ದಿನ, ಆಮೇಲೆ ಅಕ್ಟೋಬರ್ ನವೆಂಬರ್‌ನಲ್ಲಿ ಅಜ್ಜನ ಊರಿಗೆ ಹೋದಾಗ. ಅತ್ತೆಗೆ ಪೂರಾ ಹೊಗೆ. ಒಂದೇ ಮನೆ, ಇಬ್ಬರ ಟ್ರಿಗರ್ ಬೇರೆ ಬೇರೆ.

ಹೊಗೆಯಿಂದ ಶುರು ಮಾಡ್ತೀನಿ, ಯಾಕಂದ್ರೆ ದಾವಣಗೆರೇಲಿ ಇದು ದೊಡ್ಡ ವಿಷಯ. ಮಂಡಕ್ಕಿ ಭಟ್ಟಿ ಸುತ್ತಮುತ್ತ ಇರೋರಿಗೆ ನಾನು ಹೇಳ್ಬೇಕಾಗಿಲ್ಲ, ಹೊಟ್ಟು, ಹಳೇ ಟೈರು ಉರಿದ ಕರಿ ಹೊಗೆ ಒಗೆದಾಕಿದ ಬಟ್ಟೆ ಮೇಲೂ ಕೂರುತ್ತೆ. ಮಂಡಕ್ಕಿ ನಮ್ಮೂರ ಅನ್ನ, ಎಷ್ಟೋ ಸಂಸಾರ ಆ ಭಟ್ಟಿ ಮುಂದೆನೇ ಬೆಂದು ಬದುಕಿವೆ, ಅವರ ಮಕ್ಕಳ ಎದೆನೇ ಮೊದ್ಲು ಹಾಳಾಗೋದು, ಅದಕ್ಕೇ ಒಳ್ಳೆ ಒಲೆ, ಎತ್ತರದ ಚಿಮಣಿ, ಟೈರ್ ಸುಡದೇ ಇರೋದು ಅವರಿಗೋಸ್ಕರನೇ ಬೇಕು ಅಂತ ನಾನು ಅಂತೀನಿ. ಮನೆ ಬದಲಾಯಿಸಕ್ಕೆ ಎಲ್ಲರಿಗೂ ಆಗಲ್ಲ. ಭಟ್ಟಿ ಉರಿಯೋ ಹೊತ್ತು ಯಾವುದು ಅಂತ ನೋಡ್ಕೊಂಡು ಆ ಕಡೆ ಕಿಟಕಿ ಮುಚ್ಚಿ, ಆರಿದ ಮೇಲೆ ತೆಗೀರಿ, ಮಲಗೋ ಕೋಣೆ ಸಾಧ್ಯ ಆದಷ್ಟು ಇನ್ನೊಂದು ಕಡೆಗಿರ್ಲಿ.

ಹೊರಗಿನ ಹೊಗೆಗಿಂತ ನಮ್ಮ ಕೈಯಲ್ಲಿರೋದು ಒಳಗಿನ ಹೊಗೆ. ಬೀಡಿ ಸಿಗರೇಟು ಮನೆ ಒಳಗೆ ಬೇಡವೇ ಬೇಡ, ಜಗಲಿ ಮೇಲೆ ಸೇದಿ ಬಂದ್ರೂ ಬಟ್ಟೆಗೆ ಅಂಟ್ಕೊಂಡು ಬರುತ್ತೆ. ಸೊಳ್ಳೆ ಕಾಯಿಲ್ ಒಂದು ಪೂರ್ತಿ ಉರಿದ್ರೆ ಹೊರಗೆ ಬರೋ ಸಣ್ಣ ಕಣ ಕಡಿಮೆ ಅಂದ್ರೂ 75 ಸಿಗರೇಟಿಗೆ ಸಮ ಅಂತ ಅಳೆದು ನೋಡಿದಾರೆ, ಬಾಗಿಲು ಹಾಕಿ ಮಗು ತಲೆದಿಂಬಿನ ಪಕ್ಕ ಅದನ್ನ ಹಚ್ಚಿಟ್ಟು ನಾವು ಮಲಗ್ತಿದ್ವಿ, ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಸೊಳ್ಳೆಪರದೆ ಕಟ್ರಿ. ಊದಿನಕಡ್ಡಿ, ಲೋಬಾನ, ಕರ್ಪೂರ ದೇವರ ಮುಂದೆ ಬಿಡಕ್ಕಾಗಲ್ಲ ಅಂತಾರೆ, ನಮ್ಮತ್ತೆನೂ ಅಂದ್ರು, ಆಮೇಲೆ ಎಣ್ಣೆ ದೀಪ ಮತ್ತೆ ಹೂವಿಗೆ ಅವರೇ ಒಪ್ಕೊಂಡ್ರು. ಒಣಮೆಣಸಿನಕಾಯಿ ಒಗ್ಗರಣೆ ಘಾಟು, ಮಿರ್ಚಿ ಕರಿಯೋ ಎಣ್ಣೆ ಹೊಗೆ, ಆ ಹೊತ್ತಿಗೆ ಕಿಟಕಿ ತೆಗ್ದು ಮಗೂನ ಹೊರಗೆ ಕಳಿಸ್ರಿ. ದೀಪಾವಳಿ ಪಟಾಕಿ ಹೇಳೋದೇ ಬೇಡ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೇಲಿ ಒಣಕೊಬ್ಬರಿ ಸುಡೋ ಹರಕೆ ನಮ್ಮ ಮನೆತನದಲ್ಲೂ ಇದೆ, ಆ ಹೊಗೇಲಿ ಅತ್ತೆ ಒಂದು ವರ್ಷ ಕುಸಿದು ಕೂತ್ಬಿಟ್ರು, ಆಮೇಲಿಂದ ಕೊಬ್ಬರಿ ಹಾಕೋದು ನನ್ನ ಗಂಡ, ಅತ್ತೆ ದೂರದಿಂದ ಕೈ ಮುಗೀತಾರೆ, ಹರಕೆನೂ ತಪ್ಪಿಲ್ಲ.

ಧೂಳಿನ ವಿಷಯ. ಅಕ್ಟೋಬರ್ ಬಂತಂದ್ರೆ ನಮ್ಮ ಜಿಲ್ಲೆ ತುಂಬ ಮೆಕ್ಕೆಜೋಳದ ಒಕ್ಕಣೆ, ರಸ್ತೆ ಮೇಲೇ ಒಣಗಾಕಿರ್ತಾರೆ, ಮಷಿನ್‌ನಿಂದ ಹಾರೋ ರವದಿ ಮೈಲಿಗಟ್ಟಲೆ ಗಾಳೀಲಿ ಇರುತ್ತೆ, ಭದ್ರಾ ಕಾಲುವೆ ಕಡೆ ಭತ್ತ ಕೊಯ್ದಾಗ್ಲೂ ಅದೇ. ಅಸ್ತಮಾ ಇರೋರು ಕಣದ ಹತ್ರ ನಿಲ್ಲೋದು ಬೇಡ, ರೈತರಾಗಿ ನಿಲ್ಲಲೇಬೇಕು ಅಂದ್ರೆ ಗಾಳಿ ಬರೋ ಕಡೆ ನಿಂತು, ಎನ್95 ಮಾಸ್ಕ್ ಹಾಕ್ಕೊಂಡು ಮಾಡ್ರಿ, ಟವೆಲ್ ಸುತ್ತಿದ್ರೆ ಸಣ್ಣ ಧೂಳು ನಿಲ್ಲಲ್ಲ. ಮನೆಗೆ ಬಂದ ಮೇಲೆ ಬಟ್ಟೆ ಬದಲಾಯಿಸಿ, ತಲೆ ತೊಳ್ಕೊಂಡು ಆಮೇಲೆ ಹಾಸಿಗೆ. ಚಿತ್ರದುರ್ಗದ ಕಡೆಯೋರಿಗೆ ಆಷಾಢದ ಗಾಳಿನೇ ಸಾಕು, ಜೋಗಿಮಟ್ಟಿ ಬೆಟ್ಟದ ಸಾಲಲ್ಲಿ ಗಾಳಿಯಂತ್ರ ಸುಮ್ನೆ ನಿಲ್ಸಿಲ್ಲ, ಅಷ್ಟು ಗಾಳಿ ಅಲ್ಲಿ. ಬೈಕಲ್ಲಿ ಹೋಗೋವಾಗ ಪೂರ್ತಿ ಮುಖ ಮುಚ್ಚೋ ಹೆಲ್ಮೆಟ್, ಒಳಗೆ ಮಾಸ್ಕ್.

ಕಾಂಗ್ರೆಸ್ ಗಿಡ ಎಲ್ಲರಿಗೂ ಗೊತ್ತು, ಪಾರ್ಥೇನಿಯಂ, ಮಳೆ ಬಿದ್ದ ಮೇಲೆ ಖಾಲಿ ಸೈಟ್ ತುಂಬ ಬಿಳಿ ಹೂವು. ಇದರ ಪರಾಗದಿಂದ ಸೀನು, ಮೂಗು ಸೋರೋದು, ಉಬ್ಬಸ ಮೂರೂ ಬರ್ತವೆ. ಹೂ ಬಿಡೋ ಮೊದ್ಲೇ, ನೆಲ ಹಸಿ ಇದ್ದಾಗ ಬೇರು ಸಮೇತ ಕೀಳ್ಬೇಕು, ಗ್ಲೌಸ್ ಹಾಕ್ಕೊಂಡು, ದಮ್ಮು ಇಲ್ಲದೋರು ಕೀಳ್ಬೇಕು.

ಇನ್ನು ಕಣ್ಣಿಗೆ ಕಾಣದ ಧೂಳುಹುಳ. ಇದು ಗಾದಿ, ದಿಂಬು, ಕೌದಿ, ಕಂಬಳಿ ಒಳಗೆ ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟು ತಿಂದ್ಕೊಂಡು ಬದುಕುತ್ತೆ, ರಾತ್ರಿ ಕೆಮ್ಮು ಜಾಸ್ತಿ ಆಗಕ್ಕೆ ಇದೂ ಒಂದು ಕಾರಣ. ಹೊದಿಕೆ, ದಿಂಬಿನ ಕವರ್ ವಾರಕ್ಕೊಮ್ಮೆ 60 ಡಿಗ್ರಿ ಬಿಸಿ ನೀರಲ್ಲಿ ಒಗೀರಿ, ಬರೀ ತಣ್ಣೀರಿಗೆ ಹುಳ ಸಾಯಲ್ಲ. ಗಾದಿನ ಖಡಕ್ ಬಿಸಿಲಿಗೆ ಹಾಕ್ರಿ, ನಮ್ಮ ಕಡೆ ಬಿಸಿಲಿಗೆ ಬರ ಇಲ್ಲ. ಕಂಬಳಿ ಹೊದ್ದೇ ಮಲಗೋ ಅಭ್ಯಾಸ ಇದ್ರೆ ಮಧ್ಯೆ ಒಗೆದ ಕಾಟನ್ ಬೆಡ್‌ಶೀಟ್ ಇರ್ಲಿ. ಒಣ ಕಸಬರಿಗೆ ಬದಲು ಒದ್ದೆ ಬಟ್ಟೇಲಿ ಒರೆಸೋದು ಒಳ್ಳೇದು, ಕಸ ಹೊಡೀಲೇಬೇಕಂದ್ರೆ ರೋಗಿ ಅರ್ಧ ಗಂಟೆ ಹೊರಗಿರ್ಲಿ. ಯುಗಾದಿ, ದಸರಾಕ್ಕೆ ಅಟ್ಟ ಇಳಿಸಿ ಸುಣ್ಣ ಬಣ್ಣ ಹೊಡೆಯೋ ವಾರ ಮಗೂನ ಚಿಕ್ಕಮ್ಮನ ಮನೆಗೆ ಕಳಿಸ್ತೀನಿ, ಪೇಂಟ್ ವಾಸನೆ ಹೋದ ಮೇಲೆ ವಾಪಸ್. ಗೋಡೆ ತೇವ ಹಿಡಿದು ಬೂಷ್ಟು ಬಂದಿದ್ರೆ ನೀರು ಸೋರೋ ಜಾಗ ಮೊದ್ಲು ಸರಿ ಮಾಡ್ರಿ. ಜಿರಳೆನೂ ಟ್ರಿಗರ್ರೇ, ರಾತ್ರಿ ಮುಸುರೆ ಹಾಗೇ ಬಿಡಬೇಡ್ರಿ, ಸ್ಪ್ರೇ ಹೊಡೆಯೋ ಬದಲು ಜೆಲ್ ಇಡ್ರಿ.

ಉಳಿದಿದ್ದು ಚಿಕ್ಕದಾಗಿ. ಮೈಕೈ ನೋವಿಗೆ ಅಂಗಡೀಲಿ ಕೇಳಿ ನುಂಗೋ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೆಲವರಿಗೆ ಜೋರು ಉಬ್ಬಸ ತರ್ತವೆ. ಬಿಪಿಗೆ, ಕಣ್ಣಿಗೆ ಕೊಡೋ ಕೆಲವು ಔಷಧಿನೂ ಹಂಗೇ, ಅದಕ್ಕೇ ಯಾವ ಡಾಕ್ಟರ್ ಹತ್ರ ಹೋದ್ರೂ "ನಂಗೆ ಅಸ್ತಮಾ ಇದೆ" ಅನ್ನೋದು ಮೊದಲ ಮಾತಾಗ್ಲಿ. ವೈರಸ್ ಶೀತವೇ ಎಲ್ಲಕ್ಕಿಂತ ದೊಡ್ಡ ಟ್ರಿಗರ್, ಕೈ ತೊಳೆಯೋದು, ಫ್ಲೂ ಲಸಿಕೆ ಬಗ್ಗೆ ಪ್ರತಿ ವರ್ಷ ಕೇಳೋದು ಮಾಡ್ರಿ. ಮೃಗಶಿರ ದಿನ ಹೈದರಾಬಾದಿಗೆ ಮೀನಿನ ಔಷಧಿಗೆ ಹೋಗೋರು ನಮ್ಮಲ್ಲೂ ಇದಾರೆ, ಅದರಿಂದ ಅಸ್ತಮಾ ವಾಸಿ ಆಗುತ್ತೆ ಅನ್ನಕ್ಕೆ ಪುರಾವೆ ಇಲ್ಲ. ನಂಬಿಕೆ ಮೇಲೆ ಹೋಗ್ತೀನಿ ಅನ್ನೋರು ದಯವಿಟ್ಟು ಇನ್ಹೇಲರ್ ಮಾತ್ರ ನಿಲ್ಲಿಸಬೇಡ್ರಿ.

ಹತೋಟಿಲಿದೆಯಾ ಅಂತ ನಾಲ್ಕು ಪ್ರಶ್ನೆ

ಹಿಂದಿನ ನಾಲ್ಕು ವಾರದಲ್ಲಿ ಹಗಲು ಉಬ್ಬಸ, ಕೆಮ್ಮು ವಾರಕ್ಕೆ ಎರಡಕ್ಕಿಂತ ಜಾಸ್ತಿ ಸಲ ಬಂತಾ? ರಾತ್ರಿ ಒಂದ್ಸಲ ಆದ್ರೂ ಎಚ್ಚರ ಆಯ್ತಾ? ನೀಲಿ ಇನ್ಹೇಲರ್ ವಾರಕ್ಕೆ ಎರಡಕ್ಕಿಂತ ಜಾಸ್ತಿ ಸಲ ಬೇಕಾಯ್ತಾ? ಮೆಟ್ಟಿಲು, ಆಟ, ಕೆಲಸ ಯಾವುದಾದ್ರೂ ಬಿಡ್ಬೇಕಾಯ್ತಾ? ನಾಲ್ಕಕ್ಕೂ ಇಲ್ಲ ಅಂದ್ರೆ ಚೆನ್ನಾಗಿದೆ. ಒಂದಕ್ಕೆ ಹೌದು ಅಂದ್ರೂ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಡಾಕ್ಟರ್ ಹತ್ರ ಹೋಗ್ರಿ, ಮೂರಕ್ಕೆ ನಾಲ್ಕಕ್ಕೆ ಹೌದು ಅಂದ್ರೆ ಹತೋಟಿ ತಪ್ಪಿದೆ ಅಂತಾನೇ.

ಜೋರು ಉಬ್ಬಸ ಬಂದಾಗ

ಮಲಗಿಸ್ಬೇಡ್ರಿ, ನೆಟ್ಟಗೆ ಕೂರಿಸಿ ಸ್ವಲ್ಪ ಮುಂದಕ್ಕೆ ಬಾಗಲಿ. ನೀಲಿ ಇನ್ಹೇಲರ್ ಸ್ಪೇಸರ್‌ಗೆ ಹಾಕಿ ಒಂದೊಂದೇ ಪಫ್, ಪ್ರತಿ ಪಫ್‌ಗೆ ನಾಲ್ಕು ಉಸಿರು, ಹಿಂಗೆ 4 ಪಫ್. 4 ನಿಮಿಷ ಕಾದು ಗುಣ ಕಾಣದಿದ್ರೆ ಇನ್ನೂ 4, ಅಷ್ಟೊತ್ತಿಗೆ ಗಾಡಿ ರೆಡಿ ಇರ್ಲಿ ಇಲ್ಲಾ 108ಕ್ಕೆ ಫೋನ್ ಹೋಗಿರ್ಲಿ, ದಾರೀಲೂ ಇದನ್ನೇ ಮುಂದುವರಿಸ್ರಿ. ಸ್ಪೇಸರ್ ಇಲ್ಲದಿದ್ರೆ 500 ಎಂಎಲ್ ನೀರಿನ ಬಾಟಲಿ ತಳದಲ್ಲಿ ಇನ್ಹೇಲರ್ ಬಾಯಿ ಅಳತೆಗೆ ತೂತು ಮಾಡಿ ಬಿಗಿಯಾಗಿ ಸಿಗಿಸಿ, ಬಾಟಲಿ ಬಾಯಿಂದ ಉಸಿರಾಡಿಸಿದ್ರೂ ಕೆಲಸ ಆಗುತ್ತೆ.

ಮಾತು ಪೂರ್ತಿ ಆಡಕ್ಕಾಗದೆ ಒಂದೆರಡು ಪದಕ್ಕೆ ನಿಲ್ತಿದ್ರೆ, ತುಟಿ ಉಗುರು ನೀಲಿ ಆದ್ರೆ, ಮಗು ಪಕ್ಕೆಲುಬು ಒಳಗೆ ಸೆಳೀತಿದ್ರೆ, ಮಂಪರು ಬಂದ್ರೆ ನಾಲ್ಕು ನಿಮಿಷನೂ ಕಾಯ್ಬೇಡ್ರಿ, ಪಫ್ ಕೊಡ್ತಾನೇ ಹೊರಡ್ರಿ. ಸೀಟಿ ಶಬ್ದ ನಿಂತಿದೆ, ಆದ್ರೆ ಮನುಷ್ಯ ಸುಸ್ತಾಗಿ ತೂಗಾಡ್ತಿದಾನೆ ಅಂದ್ರೆ ಅದು ಗುಣ ಅಲ್ಲ, ಗಾಳಿನೇ ಓಡಾಡ್ತಿಲ್ಲ ಅಂತ. ಇಂಥ ಹೊತ್ತಲ್ಲಿ ಬಿಸಿನೀರ ಹಬೆ ಕೊಡ್ತಾ ಕೂರಬೇಡ್ರಿ, ಅದರಿಂದ ಕೊಳವೆ ಬಿಚ್ಚಲ್ಲ, ಮಕ್ಕಳು ಸುಟ್ಕೊಂಡಿದ್ದಾರೆ.

ಕೊನೇದಾಗಿ ಶಾಲೆ ವಿಷಯ

ದಮ್ಮಿನ ಮಗು ಅಂತ ಆಟದಿಂದ ಹೊರಗೆ ಕೂರಿಸೋದು ಬೇಡ. ನಮ್ಮ ಡಾಕ್ಟರ್ ಹೇಳಿದಂಗೆ ಪಿಟಿ ಪೀರಿಯಡ್‌ಗೆ ಹತ್ತು ಹದಿನೈದು ನಿಮಿಷ ಮುಂಚೆ ಅವನು ಪಫ್ ತಗೋತಾನೆ, ಮೊದ್ಲು ನಿಧಾನ ಓಡಿ ಮೈ ಬಿಸಿ ಮಾಡ್ಕೊಂಡು ಆಮೇಲೆ ಕಬಡ್ಡಿ. ಜೋರು ಉಬ್ಬಸ ಬಂದ್ರೆ ಏನು ಮಾಡ್ಬೇಕು ಅಂತ ಮೇಲೆ ಬರೆದಿದ್ದನ್ನೇ ಕನ್ನಡದಲ್ಲಿ ಅರ್ಧ ಪುಟ ಬರೆದು, ಡಾಕ್ಟರ್ ಸಹಿ ಹಾಕಿಸಿ, ಕ್ಲಾಸ್ ಟೀಚರ್‌ಗೆ ಒಂದು, ಆಟೋ ಅಣ್ಣನಿಗೆ ಒಂದು ಕೊಟ್ಟಿದೀನಿ. ಇನ್ಹೇಲರ್ ಬ್ಯಾಗಿನ ಮುಂದಿನ ಜಿಪ್‌ನಲ್ಲೇ ಇರುತ್ತೆ, ಬಿಸಿಲಲ್ಲಿ ನಿಂತ ಗಾಡೀಲಿ ಬಿಡಲ್ಲ. ಹೊಸದು ತಂದ ದಿನ ಎಷ್ಟು ಪಫ್ ಇದೆ ಅಂತ ಡಬ್ಬಿ ಮೇಲೆ ನೋಡಿ, ದಿನಕ್ಕೆ ಎಷ್ಟು ಅಂತ ಭಾಗಿಸಿ, ಮುಗಿಯೋ ತಾರೀಕಿಗೆ ಒಂದು ವಾರ ಮುಂಚೆ ಹಾಲ್‌ನ ಆ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಲ್ಲಿ ಗುರುತು ಹಾಕ್ತೀನಿ, ಅಲುಗಾಡ್ಸಿ ನೋಡಿದ್ರೆ ಔಷಧಿ ಖಾಲಿ ಆಗಿದ್ದು ಗೊತ್ತಾಗಲ್ಲ, ಬರೀ ಗ್ಯಾಸ್ ಇದ್ರೂ ಬುಸ್ ಅಂತ ಬರ್ತಾನೇ ಇರುತ್ತೆ.